ರೇಡಿಯೊ ಮಾತು ಬಿಟ್ಟ ನಾಲ್ಕು ತಿಂಗಳು

ಆ ಲಾಂಡ್ರಿಗೆ ದಿನವೂ ಎರಡು ಆಸ್ಪತ್ರೆಗಳ ಮತ್ತು ಐದು ಹೋಟೆಲುಗಳ ಬೆಡ್‌ಶೀಟುಗಳು ಬಂದು ಬೀಳುತ್ತಿದ್ದವು. ಒಗೆಯುವುದು, ಹಿಂಡುವುದು, ಕಾದ ರೋಲರುಗಳ ನಡುವೆ ತೂರಿಸಿ ಇಸ್ತ್ರಿ ಮಾಡುವುದು ಎಲ್ಲವೂ ಯಂತ್ರಗಳ ಪಾಲು. ಮಡಿಸುವುದೊಂದೇ ಮನುಷ್ಯರ ಪಾಲಿಗೆ ಉಳಿದಿದ್ದ ಕೆಲಸ. ಅದೂ ಒಬ್ಬರಿಂದ ಆಗುವಂಥದ್ದಲ್ಲ. ಇಬ್ಬರು ಎದುರುಬದುರು ನಿಂತು, ತಲಾ ಎರಡು ಮೂಲೆ ಹಿಡಿದು, ಒಮ್ಮೆ ಕೊಡವಿ, ಅಂಚಿಗೆ ಅಂಚು ಕೂಡಿಸಬೇಕು. ನಾಲ್ಕು ಹೆಜ್ಜೆ ಮುಂದೆ ಬಂದು ಒಬ್ಬಳು ತನ್ನ ಮೂಲೆಗಳನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಬಗ್ಗಿ ಮಡಿಕೆ ಹಿಡಿದು ಹಿಂದೆ ಸರಿಯಬೇಕು, ಮತ್ತೆ ಮುಂದೆ ಬರಬೇಕು. ಹೀಗೆ ದಿನಕ್ಕೆ ಆರು ನೂರು ಸಲವಾದರೂ ಒಬ್ಬರ ಮುಖವನ್ನು ಇನ್ನೊಬ್ಬರು ಗೇಣಿನಷ್ಟು ದೂರದಿಂದ ನೋಡುತ್ತಿದ್ದರು. ಗಂಡ ಹೆಂಡತಿ ದಿನಕ್ಕೆ ಅಷ್ಟು ಸಲ ಮುಖ ನೋಡಿಕೊಂಡರೆ ವಾರದೊಳಗೆ ಸಂಸಾರ ಬೀದಿಗೆ ಬರುತ್ತದೆ. ಅಲ್ಲಿ ಮಾತ್ರ ಜೋಡಿಗಳು ಹತ್ತು ಹದಿನೈದು ವರ್ಷ ಬಾಳುತ್ತಿದ್ದವು.

ಅಂಚಕ್ಕನದೂ ರೇಡಿಯೊದೂ ಹದಿನಾರು ವರ್ಷದ ಜೋಡಿ.

ಅಂಚು ಕೂಡಿಸುವುದರಲ್ಲಿ ಎತ್ತಿದ ಕೈ ಎಂದು ಒಬ್ಬಳಿಗೆ ಅಂಚಕ್ಕ ಎಂಬ ಹೆಸರು ಬಂದಿತ್ತು. ಶಾಲೆ ಮುಗಿಸಿದ ವರ್ಷವೇ ಚಿಕ್ಕಮ್ಮನ ಕೈ ಹಿಡಿದು ಲಾಂಡ್ರಿಗೆ ಬಂದವಳು, ಮದುವೆಗೆ ಒಂಬತ್ತು ದಿನ, ಹೆರಿಗೆಗೆ ಮೂರು ತಿಂಗಳು ಬಿಟ್ಟರೆ ಮೂರನೇ ಟೇಬಲು ಬಿಟ್ಟು ಕದಲಿರಲಿಲ್ಲ. ಇನ್ನೊಬ್ಬಳಿಗೆ ರೇಡಿಯೊ ಎಂಬ ಹೆಸರು ಹೇಗೆ ಬಂತೆಂದು ಹೇಳಬೇಕಾಗಿಲ್ಲ. ಯಂತ್ರಗಳ ಗದ್ದಲದಲ್ಲಿ ಪಕ್ಕದವರ ಕೂಗೂ ಕೇಳದ ಆ ಹಾಲಿನಲ್ಲಿ ಅವಳು ದಿನಕ್ಕೆ ಒಂಬತ್ತು ಗಂಟೆ ಪ್ರಸಾರ ಮಾಡುತ್ತಿದ್ದಳು. ಕೇಳುವವಳು ಒಬ್ಬಳೇ. ಅದೂ ಹತ್ತಿರ ಬಂದಾಗ ಮಾತ್ರ ಕೇಳಿಸುತ್ತಿದ್ದರಿಂದ ಮಾತೆಲ್ಲ ಕಂತಿನಲ್ಲಿ ಬರುತ್ತಿತ್ತು.

"ನಮ್ಮ ನಾದಿನಿ ಇದ್ದಾಳಲ್ಲ," ಎನ್ನುವಳು ರೇಡಿಯೊ, ಮೂಲೆ ಕೊಡುತ್ತ.

ಹಿಂದೆ ನಾಲ್ಕು ಹೆಜ್ಜೆ. ಮುಂದೆ ನಾಲ್ಕು ಹೆಜ್ಜೆ.

"ಮತ್ತೆ ಗಂಡನ ಹತ್ರ ಜಗಳ ಆಡ್ಕೊಂಡು ಬಂದು ಕೂತಿದ್ದಾಳೆ ಕಣೇ."

ಮೂಗು ಮುರಿದದ್ದು, ಹುಬ್ಬು ಹಾರಿಸಿದ್ದು, 'ಮುಂದೆ ಕೇಳು' ಎಂದು ಕಣ್ಣು ದೊಡ್ಡದು ಮಾಡಿದ್ದು ಎಲ್ಲ ದೂರದಿಂದ ಕಾಣುತ್ತಿತ್ತು. ಒಂದು ಜಗಳ ಮುಗಿಯಲು ನಲವತ್ತು ಶೀಟು ಬೇಕಾಗುತ್ತಿತ್ತು. ರಾಜಿಗೆ ಹತ್ತು ಸಾಕಾಗುತ್ತಿತ್ತು.

ಬಾಯಿಗೆ ನಿಲುಕದ್ದಕ್ಕೆ ಅವರಲ್ಲಿ ಜಗ್ಗು ಇತ್ತು. ಮಡಿಸುವಾಗ ಶೀಟನ್ನು ಒಂದು ಸಲ ಜಗ್ಗಿದರೆ ಕಲೆ ಇದೆ, ತೆಗೆದಿಡು ಎಂದರ್ಥ. ಎರಡು ಸಲ ಜಗ್ಗಿದರೆ ಹರಿದಿದೆ. ಮೂರು ಸಲ ಜಗ್ಗಿದರೆ ಮೇಲ್ವಿಚಾರಕರು ಬರುತ್ತಿದ್ದಾರೆ, ಮುಖ ಗಂಭೀರ ಮಾಡು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಹಳೇ ಜೋಡಿ ಹೊಸಬಳಿಗೆ ಹೇಳಿಕೊಡುತ್ತಿತ್ತು, ಅಷ್ಟೇ.

ಹಳೆಯ ಮೇಲ್ವಿಚಾರಕರು ನಿವೃತ್ತರಾದಾಗ ಆ ಜಾಗಕ್ಕೆ ರೇಡಿಯೊ ಹೋಗುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಯಜಮಾನರು ಅಂಚಕ್ಕನನ್ನು ಆರಿಸಿದರು. ಅಕ್ಷರ ದುಂಡಗಿದೆ, ಮಾತು ಕಡಿಮೆ. ಮಾತು ಕಡಿಮೆಯಿರುವವರಿಗೆ ತಲೆ ಹೆಚ್ಚಿರುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಅಂಚಕ್ಕ ಹೆದರಿಹೋದಳು. ರೇಡಿಯೊ ನಕ್ಕಳು. ಮೇಲ್ವಿಚಾರಕರ ನೀಲಿ ಕೋಟು ತೊಟ್ಟು ನಿಂತ ಗೆಳತಿಯ ಕಾಲರು ಸರಿಮಾಡುತ್ತ, "ಹೋಗೇ, ಮೇಡಂ ಆಗು. ನಮ್ಮ ಕಷ್ಟ ಗೊತ್ತಿರೋಳು ಒಬ್ಳು ಮೇಲಿದ್ರೆ ನಮಗೇ ಒಳ್ಳೇದು," ಎಂದಳು. ಆವತ್ತು ನಾದಿನಿಯ ಕತೆ ದೊಡ್ಡ ಘಟ್ಟ ಮುಟ್ಟಿತ್ತು. ನಾದಿನಿ ತಂದಿದ್ದ ಟ್ರಂಕಿಗೆ ಹಾಕಿದ್ದ ಬೀಗವನ್ನು ಮನೆಯವರೆಲ್ಲ ಸೇರಿ ಒಡೆದಿದ್ದರು. "ಮುಚ್ಚಳ ತೆಗೆದು ನೋಡಿದ್ರೆ..." ಎನ್ನುವಷ್ಟರಲ್ಲಿ ಯಜಮಾನರು ಕರೆದದ್ದರಿಂದ ಅಂಚಕ್ಕ ಮೂಲೆಗಳನ್ನು ಟೇಬಲ್ಲಿನ ಮೇಲಿಟ್ಟು ಹೋಗಿದ್ದಳು.

ಮೇಲ್ವಿಚಾರಕರ ಕೋಣೆ ಒಂಬತ್ತು ಕಬ್ಬಿಣದ ಮೆಟ್ಟಿಲುಗಳ ಮೇಲಿತ್ತು, ಮೂರು ಕಡೆ ಗಾಜು. ಅಲ್ಲಿ ಕೂತರೆ ಹಾಲೆಲ್ಲ ಕಾಣುತ್ತಿತ್ತು, ಒಂದು ಸದ್ದೂ ಕೇಳುತ್ತಿರಲಿಲ್ಲ. ಮೊದಲ ದಿನ ಅಂಚಕ್ಕನಿಗೆ ಕಿವಿಗೆ ಹತ್ತಿ ತುರುಕಿದ ಹಾಗಾಯಿತು.

ಎರಡನೇ ವಾರ ಯಜಮಾನರು ಅವಳನ್ನು ಎರಡು ದಿನದ ನಾಯಕತ್ವ ತರಬೇತಿಗೆ ಕಳಿಸಿದರು. ಅಲ್ಲಿ ಟೈ ಕಟ್ಟಿದ ತರಬೇತುದಾರರೊಬ್ಬರು ಬಿಳಿ ಹಲಗೆಯ ಮೇಲೆ ತ್ರಿಕೋನ ಬರೆದು ಅದರೊಳಗೆ ಬಾಣಗಳನ್ನು ತುಂಬಿದರು. ಆದೇಶ ಮೇಲಿನಿಂದ ಕೆಳಗೆ ಬರುವ ಬಾಣ. ದೂರು ಕೆಳಗಿನಿಂದ ಮೇಲೆ ಹೋಗುವ ಬಾಣ. ಅಕ್ಕಪಕ್ಕದವರು ಆಡಿಕೊಳ್ಳುವ ಮಾತು ಅಡ್ಡ ಬಾಣ, ಅದರಿಂದ ಶೇಕಡಾ ಹದಿನೇಳು ಕೆಲಸ ಸೋರಿಹೋಗುತ್ತದೆ. ಈ ಹದಿನೇಳನ್ನು ಯಾರು ಎಲ್ಲಿ ನಿಂತು ಅಳೆದರೋ ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೇಳುವುದು ಅಡ್ಡ ಬಾಣವಾದೀತೆಂಬ ಭಯವಿದ್ದಿರಬೇಕು.

ಅಂಚಕ್ಕ ಹಸಿರು ಕಡತವೊಂದನ್ನು ಎದೆಗವಚಿಕೊಂಡು ಹಿಂತಿರುಗಿದಳು. ಹದಿನಾರು ವರ್ಷದಲ್ಲಿ ಅವಳ ಕೈಗೆ ಬಂದ ಕಾಗದವೆಂದರೆ ರಜಾ ಚೀಟಿಯೊಂದೇ. ಈಗ ನೂರಾ ಹನ್ನೆರಡು ಪುಟ. ತಾನು ಆ ಜಾಗಕ್ಕೆ ತಕ್ಕವಳೆಂದು ತೋರಿಸಬೇಕಿತ್ತು. ಬೇರೆಯವರಿಗಿಂತ ಮೊದಲು ತನಗೇ ತೋರಿಸಿಕೊಳ್ಳಬೇಕಿತ್ತು. ವಾರದೊಳಗೆ ಮೆಟ್ಟಿಲ ಬುಡದಲ್ಲಿ ಬೀಗವಿರುವ ತಗಡಿನ ಪೆಟ್ಟಿಗೆ ಬಂತು. ದೂರು, ಕೊರತೆ, ಸಲಹೆ ಏನೇ ಇರಲಿ ಬರೆದು ಹಾಕತಕ್ಕದ್ದು, ಪ್ರತಿ ಶನಿವಾರ ತೆರೆಯಲಾಗುವುದು. ಜೋಡಿಗಳನ್ನು ಒಡೆದು ಹೊಸದಾಗಿ ಸೇರಿಸಿದಳು. ರೇಡಿಯೊಗೆ ಪ್ಯಾಕಿಂಗ್ ವಿಭಾಗದಿಂದ ಬಂದ, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಉದ್ದದ ಹುಡುಗಿ ಜೋಡಿಯಾದಳು. ಎಲ್ಲರೂ ಅವಳನ್ನು ಕಂಬ ಎನ್ನುತ್ತಿದ್ದರು.

ಕೋಟಿನ ಗುಂಡಿ ಹಾಕಿಕೊಂಡು ಅಂಚಕ್ಕ ಮೆಟ್ಟಿಲಿಳಿದು ಮೊದಲ ಸಲ ತಪಾಸಣೆಗೆ ಹೊರಟಾಗ, ಮೊದಲನೇ ಟೇಬಲಿನ ಶೀಟು ಮೂರು ಸಲ ನಡುಗಿತು. ಆಮೇಲೆ ಎರಡನೆಯದು, ನಾಲ್ಕನೆಯದು. ಒಂದರ ಹಿಂದೊಂದು ಮುಖಗಳು ಗಂಭೀರವಾದವು. ಅಂಚಕ್ಕ ಹಿಂತಿರುಗಿ ನೋಡಿದಳು, ಯಾರು ಬರುತ್ತಿದ್ದಾರೆಂದು. ಹಿಂದೆ ಯಾರೂ ಇರಲಿಲ್ಲ.

ಆ ರಾತ್ರಿಯ ಊಟದಲ್ಲಿ ಗಂಡನಿಗೆ ಹೇಳಿದಳು. ಅವನು ಬಸ್ ಚಾಲಕ. "ಅದಕ್ಯಾಕೆ ಬೇಜಾರು? ನಾನು ಇಪ್ಪತ್ತು ವರ್ಷ ಕಂಡಕ್ಟರ್ ಜತೆ ಬರೀ ಸೀಟಿಯಲ್ಲೇ ಸಂಸಾರ ಮಾಡಿಲ್ವಾ? ಒಂದು ಊದಿದ್ರೆ ನಿಲ್ಲು, ಎರಡು ಊದಿದ್ರೆ ಹೋಗು. ಒಂದು ದಿನಾನೂ ಮನಸ್ತಾಪ ಬಂದಿಲ್ಲ," ಎಂದ.

"ನಿಮಗೆ ಯಾವತ್ತಾದರೂ ಹಿಂದೆ ಹೋಗಿ ಕಂಡಕ್ಟರ್ ಸೀಟಲ್ಲಿ ಕೂರಬೇಕು ಅನಿಸಿದ್ಯಾ?"

"ನಾನು ಹಿಂದೆ ಹೋದ್ರೆ ಬಸ್ಸು ಯಾರಪ್ಪ ಓಡಿಸ್ತಾನೆ?" ಎಂದು ಅವನು ಸಾರು ಬಡಿಸಿಕೊಂಡ.

ಮನಸ್ತಾಪ ಬಂದದ್ದು ಅದಾದ ಮೂರು ವಾರಕ್ಕೆ. ಆಸ್ಪತ್ರೆಯೊಂದು ನಲವತ್ತು ಶೀಟುಗಳ ಗಂಟನ್ನು ವಾಪಸು ಕಳಿಸಿತು. ಮೇಲೆ ಹಾಲಿನಂತೆ ಬೆಳ್ಳಗಿದ್ದ ಮಡಿಕೆ ಬಿಚ್ಚಿದರೆ ಒಳಗೆ ಕಂದು ಕಲೆ. ಒಂದಲ್ಲ, ಏಳು ಶೀಟಿನಲ್ಲಿ. ಯಜಮಾನರು ಆಸ್ಪತ್ರೆಯ ಪತ್ರ ಹಿಡಿದು ಒಂಬತ್ತು ಮೆಟ್ಟಿಲನ್ನೂ ಏದುಸಿರು ಬಿಡುತ್ತ ಹತ್ತಿ ಬಂದರು.

"ಯಾವ ಟೇಬಲು?"

ಗಂಟಿನ ಚೀಟಿಯಲ್ಲಿ ಮೂರು ಎಂದಿತ್ತು. ಏನಾಗಿರಬೇಕೆಂದು ಅಂಚಕ್ಕನಿಗೆ ಆ ಕ್ಷಣವೇ ಹೊಳೆಯಿತು. ಕಲೆ ಕಂಬ ಹಿಡಿದ ತುದಿಯಲ್ಲಿತ್ತು. ಕಂಬ ನೋಡಿದ್ದಾಳೆ, ಬಾಯಲ್ಲಿ ಕೂಗಿದ್ದಾಳೆ; ಗದ್ದಲದಲ್ಲಿ ಕೇಳಿಲ್ಲ. ಜಗ್ಗಬೇಕೆಂಬುದು ಪ್ಯಾಕಿಂಗ್‌ನಿಂದ ಬಂದವಳಿಗೆ ಹೇಗೆ ಗೊತ್ತಾಗಬೇಕು? ಹೊಸ ಜೋಡಿಗಳಿಗೆ ಹೇಳಿಕೊಡಲು ಒಂದು ದಿನ ಬಿಡುವು ಕೊಡಿ ಎಂದು ರೇಡಿಯೊ ಕೇಳಿದ್ದಳು. ಬರೆದು ಪೆಟ್ಟಿಗೆಗೆ ಹಾಕಿ ಎಂದಿದ್ದವಳು ಅಂಚಕ್ಕನೇ.

"ಮೂರನೇ ಟೇಬಲು, ಸರ್," ಎಂದಳು. ಅಲ್ಲಿಗೇ ನಿಲ್ಲಿಸಿದಳು. ಮುಂದಿನ ಮಾತು ಕೋಟಿನ ಕಾಲರಿಗೆ ಸಿಕ್ಕಿಕೊಂಡಿತು.

"ಮೆಮೊ ಕೊಡಿ. ಎಲ್ಲರೆದುರು ಕೊಡಿ."

ಹಸಿರು ಕಡತದ ಅರವತ್ತನೇ ಪುಟದಲ್ಲಿ ಮೆಮೊದ ಮಾದರಿ ಇತ್ತು. 'ತಮ್ಮ ನಿರ್ಲಕ್ಷ್ಯದಿಂದ ಸಂಸ್ಥೆಯ ಹೆಸರಿಗೆ ಧಕ್ಕೆ ಬಂದಿರುವುದರಿಂದ' ಎಂದು ಶುರುವಾಗಿ ಹನ್ನೊಂದು ಸಾಲು. ಅಂಚಕ್ಕ ದುಂಡಗೆ ಬರೆದಳು, ಚಹಾ ವಿರಾಮದಲ್ಲಿ ಕೆಳಗಿಳಿದು ಕೊಟ್ಟಳು. ರೇಡಿಯೊ ನಿಧಾನವಾಗಿ ಓದಿದಳು. ಓದಿ, ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಿಸಿ ಏಪ್ರನ್ನಿನ ಜೇಬಿಗಿಟ್ಟಳು.

"ಆಯ್ತು ಮೇಡಂ."

ಅದು ಆ ಬಾಯಿಂದ ಅಂಚಕ್ಕನಿಗೆ ಬಂದ ಕೊನೆಯ ಮಾತು. ಆಮೇಲೆ ತಲೆ ಮೇಲೆ ತಲೆ ಬಿದ್ದರೂ ರೇಡಿಯೊ ಅವಳ ಹತ್ತಿರ ತುಟಿ ಬಿಚ್ಚಲಿಲ್ಲ. ಜಗಳವಾಡಲಿಲ್ಲ, ಮುಖವನ್ನೂ ಊದಿಸಲಿಲ್ಲ. ನಿಯಮ ಪಾಲಿಸಿದಳು, ಅಷ್ಟೇ. ಅಂಗಡಿ ಚೀಟಿ ಬರೆಯಲೂ ಮಗಳನ್ನು ಕರೆಯುತ್ತಿದ್ದ ಹೆಂಗಸು ಈಗ ವಾರಕ್ಕೆ ಆರು ಚೀಟಿ ಬರೆದು ಪೆಟ್ಟಿಗೆಗೆ ಹಾಕತೊಡಗಿದಳು.

'ಮಾನ್ಯ ಮೇಲ್ವಿಚಾರಕರ ಸನ್ನಿಧಾನಕ್ಕೆ. ಮೂರನೇ ಟೇಬಲಿನ ಒಂದು ಕಾಲು ಅಲ್ಲಾಡುತ್ತಿರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಇಂತಿ ವಿಧೇಯಳು.'

ಮುಂದಿನ ಶನಿವಾರ: 'ಮಾನ್ಯರೆ, ಅಲ್ಲಾಡುತ್ತಿದೆ ಎಂದು ಬರೆದಿದ್ದ ಕಾಲು ಈಗ ಅಲ್ಲಾಡುತ್ತಿಲ್ಲ. ಬಿದ್ದುಹೋಗಿದೆ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ.'

ಅಂಚಕ್ಕ ಓದಿ ನಕ್ಕುಬಿಟ್ಟಳು. ಜೋರಾಗಿ, ಒಬ್ಬಳೇ, ಗಾಜಿನ ಕೋಣೆಯಲ್ಲಿ. ನಗು ಮುಗಿದ ಮೇಲೆ ಅದನ್ನು ಯಾರಿಗೆ ಹೇಳಬೇಕೋ ಅವಳೇ ಅದನ್ನು ಬರೆದವಳೆಂಬುದು ನೆನಪಾಯಿತು. ಚೀಟಿಯನ್ನು ಕಡತಕ್ಕೆ ಸೇರಿಸದೆ ಕೈಚೀಲದಲ್ಲಿಟ್ಟುಕೊಂಡಳು. ನಾಲ್ಕು ತಿಂಗಳಲ್ಲಿ ಆ ಚೀಲದಲ್ಲಿ ಅಂಥವು ಅರವತ್ತೆರಡು ಸೇರಿದವು. ಬಸ್ಸಿನಲ್ಲಿ ಕೂತು ಅವನ್ನು ಮತ್ತೆ ಮತ್ತೆ ಓದುತ್ತಿದ್ದಳು. 'ಇಂತಿ ವಿಧೇಯಳು' ಎಂಬಲ್ಲಿ ಅಕ್ಷರ ವಾರದಿಂದ ವಾರಕ್ಕೆ ದುಂಡಗಾಗುತ್ತಿತ್ತು. ಪಕ್ಕದಲ್ಲಿ ಕೂತವರು ಪ್ರೇಮಪತ್ರವೆಂದು ತಿಳಿದು ಮರ್ಯಾದೆಯಿಂದ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು.

ಮಧ್ಯಾಹ್ನದ ಊಟ ಮೊದಲು ಟವೆಲ್ ಗಂಟುಗಳ ಮೇಲೆ ಒರಗಿ ಆಗುತ್ತಿತ್ತು, ಬಿಸಿಯಾಗಿ ಇಳಿದ ಗಂಟುಗಳು, ಬೆನ್ನಿಗೆ ಹಿತ. ಈಗ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಅಂಚಕ್ಕ ಕೆಳಗೆ ನೋಡುವಳು. ಅಲ್ಲಿ ಎಲ್ಲರೂ ಗಂಟುಗಳ ಮೇಲೆ. ರೇಡಿಯೊ ಕೈ ಬೀಸಿ ಏನೋ ಹೇಳುತ್ತಿದ್ದಾಳೆ, ಕಂಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಟ್ರಂಕಿನಲ್ಲಿ ಏನಿತ್ತು? ಚಿನ್ನವೋ, ಗಂಡನ ಬಟ್ಟೆಯೋ, ಬರೀ ಕಲ್ಲೋ? ಅಂಚಕ್ಕನ ಕೈ ತುತ್ತು ಹಿಡಿದು ಅರ್ಧದಲ್ಲೇ ನಿಂತಿರುತ್ತಿತ್ತು. ಒಂದು ದಿನ ಧೈರ್ಯಮಾಡಿ ಡಬ್ಬಿ ಹಿಡಿದು ಕೆಳಗೆ ಹೋದಳು. ಗಂಟುಗಳ ಮೇಲಿದ್ದವರೆಲ್ಲ ಎದ್ದು ನಿಂತರು, ಶಾಲೆಗೆ ಇನ್‌ಸ್ಪೆಕ್ಟರ್ ಬಂದ ಹಾಗೆ. "ಕೂತ್ಕೊಳ್ರಿ, ಕೂತ್ಕೊಳ್ರಿ," ಎಂದಳು. ಯಾರೂ ಕೂರಲಿಲ್ಲ. ಉಪ್ಪಿನ ಡಬ್ಬಿ ಹುಡುಕಿಕೊಂಡು ಬಂದವಳ ಹಾಗೆ ನಟಿಸಿ, ಉಪ್ಪು ತಗೊಂಡು ಮೇಲೆ ಹೋದಳು.

ರೇಡಿಯೊ ದಾರಿ ತೋರಿಸಿದ ಮೇಲೆ ಇಡೀ ಹಾಲೇ ಬರೆಯಲು ಕೂತಿತು. ಸೋಪಿನ ಪುಡಿ ಮುಗಿದರೆ ಚೀಟಿ. ಬಲ್ಬು ಹೋದರೆ ಚೀಟಿ. ಬಾಯಲ್ಲಿ ಹೇಳಿದರೆ ಅರ್ಧ ನಿಮಿಷದ ಮಾತು ಶನಿವಾರದವರೆಗೆ ತಗಡಿನೊಳಗೆ ತಪಸ್ಸು ಮಾಡಬೇಕಾಗಿತ್ತು. ಪೆಟ್ಟಿಗೆಯನ್ನು ದಿನವೂ ತೆರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೆರೆಯಬಹುದಿತ್ತು. ಆದರೆ ಶನಿವಾರ ಎಂದು ತನ್ನ ಕೈಯಾರೆ ಬರೆದು ಅಂಟಿಸಿದ್ದಳಲ್ಲ. ಅದನ್ನು ತಿದ್ದಿದರೆ ಕೆಳಗಿನವರು ನಗುತ್ತಾರೆಂಬ ಭಯ. ಅವರು ಹೇಗೂ ನಗುತ್ತಿದ್ದರೆಂಬುದು ಬೇರೆ ವಿಷಯ.

ಒಂದು ಬುಧವಾರ ಬೆಳಿಗ್ಗೆ ಅಂಚಕ್ಕ ಕತ್ತೆತ್ತಿ ನೋಡಿದರೆ ಹಾಲಿನ ನೆಲ ಫಳಫಳ ಹೊಳೆಯುತ್ತಿತ್ತು. ಪರವಾಗಿಲ್ಲ, ಚೆನ್ನಾಗಿ ಒರೆಸಿದ್ದಾರೆ ಎಂದುಕೊಂಡಳು. ಒರೆಸಿದ ನೆಲದ ಮೇಲೆ ಒಂದು ಚಪ್ಪಲಿ ತೇಲಿಕೊಂಡು ಹೋಯಿತು. ಓಡಿ ಇಳಿದಳು. ನೀರು ಪಾದ ಮುಳುಗುವಷ್ಟಿತ್ತು. ಎಲ್ಲರೂ ಬಟ್ಟೆ ಮೊಣಕಾಲಿಗೆ ಎತ್ತಿ ಕಟ್ಟಿ, ನೀರಲ್ಲೇ ನಿಂತು, ಬಲು ಶ್ರದ್ಧೆಯಿಂದ ಶೀಟು ಮಡಿಸುತ್ತಿದ್ದರು.

"ಏನ್ರೇ ಇದು! ಎಲ್ಲಿಂದ ಬರ್ತಿದೆ?"

"ಎರಡನೇ ಮಶೀನಿನ ಚರಂಡಿ ಕಟ್ಟಿದೆ ಮೇಡಂ," ಎಂದಳು ಕಂಬ.

"ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಚೀಟಿ ಹಾಕಿದೀವಿ ಮೇಡಂ. ಸೋಮವಾರನೇ."

ಹಿಂದಿನಿಂದ ಯಾರೋ, "ಒಳಚರಂಡಿ ಅಂತ ಬರೆದ ಅಕ್ಷರಾನೂ ದುಂಡಗಿದೆ ಮೇಡಂ, ಶನಿವಾರ ನೋಡಿ," ಎಂದರು. ನಗು ಹಾಲಿನ ಈ ತುದಿಯಿಂದ ಆ ತುದಿಗೆ ನೀರಿನ ಮೇಲೆ ಹೋದ ಹಾಗೆ ಹೋಯಿತು. ರೇಡಿಯೊ ಮಾತ್ರ ನಗಲಿಲ್ಲ. ಅಂಚಕ್ಕನನ್ನು ಒಂದು ಕ್ಷಣ ನೋಡಿ, ಕಣ್ಣು ಕೆಳಗೆ ಹಾಕಿ, ಮಡಿಕೆ ಹಿಡಿಯಲು ಬಗ್ಗಿದಳು.

ಹನ್ನೆರಡು ಗಂಟೆಗೆ ಯಜಮಾನರು ಬಂದರು. ಒದ್ದೆಯಾದ ಬೂಟು ಬಿಚ್ಚಿ ಅಂಚಕ್ಕನ ಮೇಜಿನ ಪಕ್ಕ ಒಣಗಲು ಇಟ್ಟರು. ಎಂಥ ಗತ್ತಿನ ಮನುಷ್ಯನೂ ಕಾಲುಚೀಲದಲ್ಲಿ ನಿಂತಾಗ ಸ್ವಲ್ಪ ಗಿಡ್ಡಗಾಗುತ್ತಾನೆ.

"ಯಾರ ತಪ್ಪು? ಮೆಮೊ ಯಾರಿಗೆ?"

"ನನಗೆ, ಸರ್."

"ನಿಮಗೆ ಅಂದ್ರೆ?"

"ಪೆಟ್ಟಿಗೆ ಇಟ್ಟವಳು ನಾನು. ಶನಿವಾರ ಅಂತ ಹೇಳಿದವಳೂ ನಾನೇ. ಜೋಡಿ ಒಡೆದವಳೂ ನಾನೇ. ಆವತ್ತಿನ ಕಲೆಯ ತಪ್ಪೂ ಮೂರನೇ ಟೇಬಲಿನದ್ದಲ್ಲ ಸರ್. ನನಗೆ ಆವತ್ತೇ ಗೊತ್ತಿತ್ತು. ನೀವು ಎದುರಿಗೆ ನಿಂತಿದ್ರಿ, ಹೇಳೋಕೆ ಬಾಯಿ ಬರಲಿಲ್ಲ."

ಯಜಮಾನರು ತಮ್ಮ ಹೆಬ್ಬೆರಳು ನೋಡಿಕೊಂಡರು. ಕಾಲುಚೀಲ ಅಲ್ಲಿ ತೂತಾಗಿತ್ತು.

"ಇದನ್ನು ಬರೆದುಕೊಟ್ಟರೆ ನಿಮ್ಮ ಹೆಸರಲ್ಲಿ ಕಡತಕ್ಕೆ ಹೋಗುತ್ತೆ ಅಮ್ಮ. ಆಮೇಲೆ ನನ್ನನ್ನು ಅನ್ನಬೇಡಿ."

"ಹೋಗ್ಲಿ ಸರ್. ಬೇಕಾದ್ರೆ ನನ್ನ ಮತ್ತೆ ಟೇಬಲಿಗೆ ಕಳಿಸಿ."

ಈ ಕೊನೆಯ ಮಾತನ್ನು ಅವಳು ತ್ಯಾಗದ ಧಾಟಿಯಲ್ಲಿ ಹೇಳಿದಳು. ಒಳಗಿದ್ದದ್ದು ಬರೀ ಆಸೆ. ಕಳಿಸಲಿ, ಇವತ್ತೇ ಕಳಿಸಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಅಂಗೈಗಳಿಗೆ ಆಗಲೇ ರೋಲರಿನಿಂದ ಇಳಿದ ಶೀಟಿನ ಬಿಸಿ ತಾಗಿದ ಹಾಗಿತ್ತು.

"ಛೆ ಛೆ," ಎಂದರು ಯಜಮಾನರು, ಮನಸ್ಸು ಕರಗಿ. "ತಪ್ಪು ಒಪ್ಪಿಕೊಳ್ಳೋದು ನಾಯಕರ ಲಕ್ಷಣ. ಎರಡು ದಿನದ ತರಬೇತಿ ಸಾಕಾಗಿಲ್ಲ, ಅಷ್ಟೇ. ಈ ಸಲ ನಾಲ್ಕು ದಿನದ್ದಕ್ಕೆ ಕಳಿಸ್ತೀನಿ."

ಅಂಚಕ್ಕ ಕೂತು ಬರೆದಳು. ಅದೇ ಅರವತ್ತನೇ ಪುಟದ ಮಾದರಿ. 'ತಮ್ಮ' ಎಂದಿದ್ದಲ್ಲಿ 'ನನ್ನ'. ಯಜಮಾನರು ಸಹಿ ಹಾಕಿ, ಹಳೆಯ ಮೆಮೊದ ಪ್ರತಿಯ ಮೇಲೆ ರದ್ದು ಎಂದು ಬರೆದು, ಒದ್ದೆ ಬೂಟು ಕೈಲಿ ಹಿಡಿದು ಇಳಿದುಹೋದರು.

ಸಂಜೆ ಪಾಳಿ ಮುಗಿದು ಯಂತ್ರಗಳು ನಿಂತಿದ್ದವು. ರೇಡಿಯೊ ಬೆಂಚಿನ ಮೇಲೆ ಕೂತು ಚಪ್ಪಲಿಯ ನೀರು ಕೊಡವುತ್ತಿದ್ದಳು. ಅಂಚಕ್ಕ ಎರಡೂ ಕಾಗದ ಅವಳ ಮುಂದೆ ಹಿಡಿದಳು. ರೇಡಿಯೊ ಓದಿದಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದೂ ಹನ್ನೊಂದು ಸಾಲು," ಎಂದಳು. ನಾಲ್ಕು ತಿಂಗಳಾದ ಮೇಲೆ ಬಂದ ಆ ದನಿ ಸ್ವಲ್ಪ ಕಟ್ಟಿಕೊಂಡಿತ್ತು. "ಬಾಯಲ್ಲಿ ಹೇಳಿದ್ರೆ ಎಷ್ಟು ಸಾಲು ಆಗ್ತಿತ್ತು?"

"ತಪ್ಪಾಯ್ತು ಅಕ್ಕ."

"ಹಾಂ. ಅಷ್ಟೇ ನೋಡು."

ಅಂಚಕ್ಕ ಪಕ್ಕದಲ್ಲಿ ಕೂತಳು. ಕಣ್ಣಲ್ಲಿ ನೀರು ತುಂಬಿತ್ತು. "ನನ್ನ ಕೆಳಗೆ ಕಳಿಸ್ತಾರೆ ಅಂತ ಆಸೆ ಇತ್ತು. ನಾಲ್ಕು ದಿನದ ತರಬೇತಿ ಅಂತೆ."

"ಅಯ್ಯೋ, ಇನ್ನೆಷ್ಟು ಪೆಟ್ಟಿಗೆ ತರ್ತೀಯೋ!" ರೇಡಿಯೊ ನಕ್ಕಳು. "ಕೆಳಗೆ ಬಂದು ಏನ್ ಮಾಡ್ತೀಯ?"

"ನಿನ್ನ ಜತೆ ಮಡಿಸ್ತೀನಿ."

"ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡ. ನೀನು ಎಡಗೈ ಜಾಸ್ತಿ ಎಳೀತಿದ್ದೆ. ಹದಿನಾರು ವರ್ಷ ನಾನು ಒಂದು ಹೆಜ್ಜೆ ಬಲಕ್ಕೆ ಸರಿದು ಸರಿಮಾಡ್ತಿದ್ದೆ. ಊರೆಲ್ಲ ನಿನ್ನ ಅಂಚು ಹೊಗಳ್ತಿತ್ತು."

ಅಂಚಕ್ಕ ತನ್ನ ಎಡಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದಳು. "ಯಾಕಕ್ಕ ಹೇಳ್ಲಿಲ್ಲ?"

"ಹೇಳೋಕೆ ಎಲ್ಲಿ ಬಿಡುವಿತ್ತು? ನಾದಿನಿ ವಿಷಯಾನೇ ಮುಗೀತಿರ್ಲಿಲ್ಲ."

"ಆ ಟ್ರಂಕಲ್ಲಿ ಏನಿತ್ತು?"

ರೇಡಿಯೊ ಚಪ್ಪಲಿ ಮೆಟ್ಟಿಕೊಂಡು ಎದ್ದಳು. "ಅದು ಹಳೇದಾಯ್ತು ಬಿಡೇ. ಕಂಬಕ್ಕೆ ಎರಡು ಸಲ ಹೇಳಿ ಆಗಿದೆ, ಮತ್ತೆ ಮೊದಲಿಂದ ಹೇಳೋಕೆ ಬಾಯಿ ನೋಯುತ್ತೆ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಅವಳನ್ನ ನನ್ನಿಂದ ಕೀಳಬೇಡ. ಈಗ ಪಳಗಿದ್ದಾಳೆ. ಮಿಕ್ಕವರ ಹಳೇ ಜೋಡಿ ಕೊಟ್ಟುಬಿಡು. ನೀನು ಮೇಲೇ ಇರು. ಯಜಮಾನರ ಎದುರು ಬಾಯಿ ಬಿಡೋಳು ಒಬ್ಳು ಬೇಕು ನಮಗೆ, ಇವತ್ತು ಬಿಟ್ಟೆಯಲ್ಲ, ಹಾಗೆ."

ಬಸ್ಸು ತಪ್ಪಿಹೋಗುತ್ತದೆಂದು ಬೇಗ ಬೇಗ ಹೊರಟುಹೋದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಒಂದು ದಿನ ಇಳಿಯುತ್ತದೆಂದು ಕಾಯಬಹುದಿತ್ತು.

ಮಾರನೇ ದಿನ ತಗಡಿನ ಪೆಟ್ಟಿಗೆ ಹೋಯಿತು, ಹಳೆಯ ಜೋಡಿಗಳು ಬಂದವು, ಮೂರನೇ ಟೇಬಲನ್ನು ಬಿಟ್ಟು. ಹನ್ನೊಂದರ ಹೊತ್ತಿಗೆ ಗಾಜಿನ ಮೇಲೆ ಟಪ್ಪೆಂದು ಏನೋ ಬಡಿಯಿತು. ಒದ್ದೆ ಟವೆಲ್ಲು. ಅಂಚಕ್ಕ ಬಾಗಿಲು ತೆಗೆದಳು.

"ಮೇಡಂ!" ಕೆಳಗಿನಿಂದ ರೇಡಿಯೊ ಎರಡೂ ಕೈ ಬಾಯಿಗೆ ಹಿಡಿದು ಅರಚುತ್ತಿದ್ದಳು. "ಅಲ್ಲಿ ಕೂತ್ಕೊಂಡು ಮೊಟ್ಟೆ ಇಡ್ತಿದೀರಾ? ರೋಲರು ಅತಿಯಾಗಿ ಕಾದು ಶೀಟು ಸುಡ್ತಿದೆ, ಇಳಿದು ಬನ್ನಿ!"

ಇಡೀ ಹಾಲು ಕೇಳಿಸಿಕೊಂಡಿತು. ಅಂಚಕ್ಕ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು. ರೋಲರ್ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕರೆಸಿ, ಉಗಿಯ ತಿರುಪು ಸಡಿಲ ಮಾಡಿಸಿ, ಸುಟ್ಟ ಶೀಟುಗಳನ್ನು ಬೇರೆ ಹಾಕಿಸಿದಳು. ಹತ್ತು ನಿಮಿಷ ಎಲ್ಲರೂ ಅವಳ ಸುತ್ತ ನಿಂತು ಒಟ್ಟಿಗೇ ಮಾತಾಡಿದರು. ಯಾರ ಮಾತೂ ಯಾರಿಗೂ ಕೇಳಲಿಲ್ಲ. ರೇಡಿಯೊ ಅವಳ ತೋಳು ಹಿಡಿದೆಳೆದು ರೋಲರಿಗೆ ಸುತ್ತಿದ ಬಟ್ಟೆ ಎಲ್ಲಿ ಕಂದಿದೆ ಎಂದು ತೋರಿಸಿದಳು. ಬಟ್ಟೆ ಬದಲಾಯಿಸಬೇಕು, ಯಜಮಾನರಿಗೆ ಇವತ್ತೇ ಹೇಳಬೇಕು, ಬಿಡಬಾರದು ಎಂದಳು. ಅಂಚಕ್ಕ ಬಿಡುವುದಿಲ್ಲವೆಂದು ಮಾತು ಕೊಟ್ಟಳು.

ಆಮೇಲೆ ಯಂತ್ರ ಶುರುವಾಯಿತು. ಎಲ್ಲರೂ ಅವರವರ ಟೇಬಲಿಗೆ ಹೋದರು. ರೇಡಿಯೊ ಎರಡು ಮೂಲೆ ಹಿಡಿದಳು, ಕಂಬ ಎರಡು ಮೂಲೆ ಹಿಡಿದಳು. ಅಂಚಕ್ಕನಿಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ಆದರೂ ನಿಂತಿದ್ದಳು. ಬಿಸಿ ಬಟ್ಟೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ರೇಡಿಯೊ ಮುಂದೆ ಬಂದು ಮೂಲೆ ಕೊಡುತ್ತ ಏನೋ ಹೇಳಿದಳು. ಯಂತ್ರದ ಗದ್ದಲದಲ್ಲಿ ಎರಡು ಮಾರು ದೂರಕ್ಕೆ ಅದು ಕೇಳಿಸಲಿಲ್ಲ.

ಕಂಬ ಬೆನ್ನು ಹಾಕಿ ಹಿಂದೆ ಹೆಜ್ಜೆಯಿಡುತ್ತ ಬಂದವಳು ಅಂಚಕ್ಕನಿಗೆ ತಗುಲಿ ನಿಂತಳು.

"ಮೇಡಂ, ಸ್ವಲ್ಪ ಜಾಗ," ಎಂದಳು.

ಅಂಚಕ್ಕ ಜಾಗ ಬಿಟ್ಟಳು.